ಕೇಳಿದಷ್ಟು ಹೊತ್ತು ಒತ್ತು

ದೀಪ ಹತ್ತಿತು, ಪುಟ್ಟ ಹಸಿರು ದೀಪ, ಕಿವಿ ಪರೀಕ್ಷೆ ಮಾಡುವ ಅವಳು ಇನ್ನೂ ಸದ್ದು ಕಳಿಸಿಯೇ ಇಲ್ಲ, ಬೆರಳು ಯಂತ್ರದ ಮೇಲೆ ಸುಮ್ಮನೆ ಕೂತಿದೆ — ಗಾಜಿನಾಚೆ, ಹೊರಗಿನ ಸದ್ದು ನುಗ್ಗದ ಆ ಡಬ್ಬಿಯಂಥ ಕೋಣೆಯಲ್ಲಿ, ತಲೆಗಿಂತ ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಹುಡುಗಿ ಕೈಯಲ್ಲಿರುವ ಗುಂಡಿ ಒತ್ತಿ ಹಿಡಿದಿದ್ದಾಳೆ, ಈಗ ಬಿಟ್ಟಳು, ದೀಪ ಆರಿತು. ಆಟ ಆಡುತ್ತಿದ್ದಾಳೆ. ಮಕ್ಕಳು ಆಡುತ್ತವೆ, ಹೆಚ್ಚು ಸಲ ಒತ್ತಿದರೆ ಹೆಚ್ಚು ಜಾಣರು ಅಂದುಕೊಳ್ಳುತ್ತವೆ, ಬಂದವರೆಲ್ಲ ಕಿವಿ ಮೇಡಂ ಎಂದೇ ಕರೆಯುವ ಅವಳಿಗೆ ಇದೇನು ಹೊಸದೆ. ಹೇಳಿದ್ದು ತಲುಪಿಲ್ಲವೇನೋ, ಹುಡುಗಿಗೆ ಇಲ್ಲಿಯ ಮಾತು ಬರುವುದಿಲ್ಲ, ಜೊತೆಗೆ ಬಂದ ಚಿಕ್ಕಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು ಮೈಕಿಗೆ ಬಾಯಿಟ್ಟು ಅವರ ಭಾಷೆಯಲ್ಲಿ ಹೇಳಿದ್ದಳು, ಕೇಳಿದಷ್ಟು ಹೊತ್ತು ಒತ್ತು, ನಿಂತ ಕೂಡಲೇ ಬಿಡು — ಇನ್ನೊಂದು ಸಲ ಹೇಳಮ್ಮ, ಹೇಳಿದೆ ಅಕ್ಕಾ, ಅವಳಿಗೆ ಅರ್ಥ ಆಗಿದೆ. ಬಾಗಿಲಾಚೆ ಟಿವಿ, ಟಿವಿಯಲ್ಲಿ ಯುದ್ಧ, ಈ ಹುಡುಗಿ ಬಿಟ್ಟು ಬಂದ ಊರಿನದೇ, ಅದರ ಮುಂದೆ ಕಿವಿಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಳ್ಳಲು ಬಂದ ತಾತ, ತನಗೆ ಕೇಳಿಸದ್ದು ಊರಿಗೂ ಕೇಳಿಸುವುದಿಲ್ಲ ಎಂಬಂತೆ ಕೂಗುತ್ತಾನೆ, ಯುದ್ಧ ಅಂದ್ಮೇಲೆ ನಾಲ್ಕು ಜನ ಸಾಯ್ತಾರಪ್ಪ, ಅದಕ್ಕೆಲ್ಲ ಎದೆ ಬಡ್ಕೊಂಡ್ರೆ ಆಗುತ್ತಾ. ನಿಧಾನ ತಾತ, ಒಳಗೆ ಪರೀಕ್ಷೆ ನಡೀತಿದೆ. ನಿಧಾನ ಮಾಡಿದ್ರೆ ಯಾವ ಯುದ್ಧ ಮುಗಿಯುತ್ತೆ ಹೇಳು! ಯಾರೋ ನಕ್ಕರು. ನಕ್ಕರು. ಬಾಗಿಲಿನಿಂದ ಹತ್ತು ಹೆಜ್ಜೆ ಕೂಡ ಇಲ್ಲ ಈ ಮಗು.

ನಾಲ್ಕು ಜನವಂತೆ, ಎಲ್ಲಿಂದ ತಂದರೋ ಆ ನಾಲ್ಕು, ಭಾವನಿಗಾದರೆ ಆ ನಾಲ್ಕೂ ಸುಳ್ಳು, ಭಾನುವಾರ ಊಟಕ್ಕೆ ಕೂತಾಗ ತಟ್ಟೆಯ ಪಕ್ಕದಲ್ಲಿ ಫೋನಿಟ್ಟುಕೊಂಡು, ನಾಟಕ ಕಣಮ್ಮ ಇದೆಲ್ಲ, ಮೈಗೆ ಬಣ್ಣ ಬಳ್ಕೊಂಡು ಮಲಗಿರ್ತಾರೆ, ಕ್ಯಾಮೆರಾ ಹೋದ್ಮೇಲೆ ಎದ್ದು ಹೋಗ್ತಾರೆ — ನೀವು ನೋಡಿದ್ರಾ, ಅಕ್ಕ ಸಿಡಿದಳು, ನಿಮ್ಮ ಬಾಯಿಗೆ ಬೆಂಕಿ ಹಾಕ — ನೀನು ನೋಡಿದ್ಯಾ, ಭಾವ. ಅಕ್ಕ ಫೋನು ತೆಗೆದು ಸತ್ತವರ ಸಂಖ್ಯೆ ಓದಿದಳು, ಆಟದ ಸ್ಕೋರು ಓದುವ ಹಾಗೆ, ಸಾಲದ್ದಕ್ಕೆ ಎದುರು ಕಡೆಯವರ ಬಸ್ಸಿಗೆ ಬಾಂಬು ಬಿದ್ದು ಸತ್ತವರ ಮಾತು ಬಂದಾಗ ಅವರಿಗೆ ಆಗಬೇಕಾದ್ದೇ ಅಂದಳು, ಬಸ್ಸಿನಲ್ಲಿದ್ದವರು ಏನು ಮಾಡಿದ್ದರು ಅಕ್ಕಾ, ಕೇಳಬೇಕಿತ್ತು, ಕೇಳಲಿಲ್ಲ, ನೀರಿನ ಜಗ್ಗು ಹಿಡಿದುಕೊಂಡು ಜಾಣಗಿವುಡು, ಮನೆಯ ಊಟ ಕೆಡಬಾರದು ನೋಡಿ. ಮತ್ತೆ ದೀಪ. ಈ ಸಲವೂ ಅವಳು ಏನನ್ನೂ ಕಳಿಸಿಲ್ಲ. ಏನ್ರೀ ಇದು, ಬೆನ್ನ ಹಿಂದೆ ಡಾಕ್ಟರು, ಯಾವಾಗ ಬಂದರೋ, ಸುಮ್‌ಸುಮ್ನೆ ಒತ್ತುತ್ತಾ ಇದ್ದಾಳಲ್ಲ, ಪರೀಕ್ಷೆಗೆ ಸಹಕರಿಸಲಿಲ್ಲ ಅಂತ ಬರೆದು ಕಳಿಸಿ, ಹೊರಗೆ ಜನ ಕಾಯ್ತಿದ್ದಾರೆ. ಹಾಗೆ ಬರೆದರೆ ಖರ್ಚು ನೋಡಿಕೊಳ್ಳುವ ಟ್ರಸ್ಟು ಹುಡುಗಿಗೆ ಕಿವಿಯಂತ್ರ ಕೊಡುವುದಿಲ್ಲ, ಯಂತ್ರವಿಲ್ಲದೆ ಶಾಲೆಯವರು ಸೇರಿಸಿಕೊಳ್ಳುವುದಿಲ್ಲ, ಅದು ಡಾಕ್ಟರಿಗೂ ಗೊತ್ತು, ಕಳೆದ ವಾರ ಅವರೇ ಅವಳ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹೇಳಿದ್ದರು, ಎರಡೂ ಕಿವಿಯ ತಮಟೆ ಹರಿದು ಕೂಡಿಕೊಂಡಿದೆ, ಒಳಗಿನ ನರಕ್ಕೂ ಪೆಟ್ಟು ಬಿದ್ದಿರಬೇಕು. ಇನ್ನೊಂದು ಮಾತು ಮೇಡಂ, ಡಾಕ್ಟರು ದನಿ ತಗ್ಗಿಸಿದರು, ಕಾರಣ ಅಂತ ಇರೋ ಕಡೆ ಗೊತ್ತಿಲ್ಲ ಅಂತ ಹಾಕಿಬಿಡಿ, ಟ್ರಸ್ಟಲ್ಲಿ ಈ ಯುದ್ಧದ ಎರಡೂ ಕಡೆ ವಹಿಸೋರು ಇದ್ದಾರೆ, ನಮಗ್ಯಾಕೆ ರಾಜಕೀಯ.

ಗೊತ್ತಿಲ್ಲ. ಕಿವಿಯೊಳಗೆ ಕಣ್ಣಿಟ್ಟು ನೋಡಿದವರು ಹೇಳುವ ಮಾತು, ಗೊತ್ತಿಲ್ಲ — ಯಾರ ಬಾಂಬು ಎಂದು ಗೊತ್ತಿಲ್ಲ ಸರಿ, ಅದನ್ನು ಈ ಯಂತ್ರ ಹೇಳುವುದಿಲ್ಲ, ಅವಳೂ ಬರೆಯುವುದಿಲ್ಲ, ಊಹೆ ಬರೆಯುವ ಚಾಳಿ ಅವಳಿಗಿಲ್ಲ, ಆದರೆ ಕಿವಿ ತಾನಾಗಿಯೇ ಸಿಡಿಯಿತೇ, ಹಲ್ಲು ಬಿದ್ದ ಹಾಗೆ? ಅಕ್ಕಾ, ಚಿಕ್ಕಮ್ಮ ತೋಳು ಮುಟ್ಟಿದಳು, ಅವಳು ಸುಮ್ನೆ ಒತ್ತುತ್ತಿಲ್ಲ. ಬಾಂಬು ಬೀಳೋಕೆ ಮೊದಲು ಮೇಲಿಂದ ಶಿಳ್ಳೆ ಥರ ಬರುತ್ತಲ್ಲ, ಅದು ಅವಳಿಗೆ ಈಗ್ಲೂ ಬರ್ತಾ ಇರುತ್ತೆ. ಕೇಳಿದ್ರೆ ಒತ್ತು ಅಂದ್ರಿ. ಕೇಳ್ತಿದೆ. ಒತ್ತುತ್ತಾಳೆ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಇಡೀ ಕಟ್ಟಡದಲ್ಲಿ ಕೇಳಿದ್ದನ್ನು ಕೇಳಿತು ಎನ್ನುವವಳು ಇವಳೊಬ್ಬಳು, ಇವಳ ಹೆಸರಿನ ಮುಂದೆ ಸಹಕರಿಸಲಿಲ್ಲ ಎಂಬ ಷರಾ, ತಾತನಿಗೆ ಹೊಸ ಬ್ಯಾಟರಿ. ಕಿವಿ ಮೇಡಂ ಕಾರಣದ ಎದುರು ಸ್ಫೋಟ ಎಂದು ಬರೆದಳು, ಅಷ್ಟೇ, ಯಾರದೆಂದು ಇಲ್ಲ, ಸಹಿ ನನ್ನದು ಡಾಕ್ಟ್ರೇ, ಕೇಳಿದರೆ ನನ್ನನ್ನೇ ಕೇಳಲಿ, ಪರೀಕ್ಷೆಯನ್ನೂ ಮುಗಿಸಿಯೇ ಕಳಿಸ್ತೀನಿ, ಹೊರಗಿನವರು ಕಾಯಲಿ, ಯುದ್ಧ ಇದೆಯಲ್ಲ ನೋಡೋಕೆ. ಡಾಕ್ಟರು ಏನೋ ಅಂದರು, ಅವರ ಹಿಂದೆ ಬಾಗಿಲು ಹಾಕಿಕೊಂಡಿತು. ಒಂದೇ ಸಮನೆ ಎಳೆಯುವ ಸದ್ದು ಬೇಡ, ಅದು ಶಿಳ್ಳೆಯ ಜೊತೆ ಬೆರೆತುಹೋಗುತ್ತದೆ, ಟುಕ್ ಟುಕ್ ಎಂದು ಬಿಡಿಬಿಡಿಯಾಗಿ ಕಳಿಸಬೇಕು, ಕೋಳಿಮರಿ ಕುಕ್ಕಿದ ಹಾಗೆ, ಹೇಳಮ್ಮ ಅವಳಿಗೆ, ಕುಕ್ಕುವ ಸದ್ದಿಗೆ ಮಾತ್ರ ಒತ್ತಲಿ, ಇನ್ನೊಂದನ್ನು ಕಿವಿಗೆ ಹಾಕಿಕೊಳ್ಳಬೇಡ ಅನ್ನು. ಚಿಕ್ಕಮ್ಮ ಮೈಕಿಗೆ ಬಾಗಿ ಹೇಳಿದಳು, ಹುಡುಗಿ ಏನೋ ಕೇಳಿದಳು. ಏನಂತೆ? ಅದನ್ನು ಕೇಳಿಸ್ಕೊಳ್ಳದೆ ಇದ್ರೆ ಓಡೋದು ಯಾವಾಗ ಅಂತ ಗೊತ್ತಾಗೋದು ಹೇಗೆ ಅಂತಾಳೆ. ಟಿವಿಯನ್ನು ಯಾರೋ ಜೋರು ಮಾಡಿದರು. ಇರಲಿ, ಆ ಶಿಳ್ಳೆ ಎಷ್ಟು ಹೊತ್ತು ಬರುತ್ತದೋ, ಮೊದಲು ಏನನ್ನೂ ಕಳಿಸದೆ ನೋಡೋಣ, ಅವಳು ಯಂತ್ರದಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು, ಗಾಜಿನಾಚೆ ಹುಡುಗಿ ತಲೆಯನ್ನು ಕೊಂಚ ಮೇಲೆತ್ತಿ ಚಾವಣಿ ನೋಡಿದಳು, ಹೆಬ್ಬೆರಳು ಕೆಳಗಿಳಿಯಿತು, ದೀಪ ಹತ್ತಿತು, ಬಿಡುತ್ತಾಳೆ, ಈಗ ಬಿಡುತ್ತಾಳೆ, ಹೆಬ್ಬೆರಳ ತುದಿ ಬಿಳಿಚಿಕೊಂಡಿದೆ, ಹಸಿರು ದೀಪ, ಹಸಿರು ದೀಪ ಹತ್ತಿಯೇ ಇದೆ —