ಸ್ವಂತ ಇಚ್ಛೆಯಿಂದ

"ಏಯ್ ಹಾಬ್ಸ್, ಮುದಿ ಕತ್ತೆ! ಕುಂಡಿ ಮೇಲೆತ್ತೋ. ಹೊಟ್ಟೆ ನೆಲಕ್ಕೆ ತಾಗ್ಸಿದ್ರೆ ಒದ್ದು ಎಬ್ಬಿಸ್ತೀನಿ. ಏನು, ಹೆಂಡ್ತಿ ಮಗ್ಗುಲಲ್ಲಿ ಮಲಗಿದೀನಿ ಅಂದ್ಕೊಂಡ್ಯಾ?"

ಸಾರ್ಜೆಂಟ್ ಕ್ರೆನ್‌ಶಾ ಕಾಫಿ ಕುಡಿಯುತ್ತ ನಮ್ಮ ಸಾಲುಗಳ ನಡುವೆ ಓಡಾಡುತ್ತಿದ್ದ. ನಾವೆಲ್ಲ ಅಂಗೈ ಊರಿ, ತೋಳು ಸೆಟೆಸಿ, ಮೈ ಹಲಗೆ ಮಾಡಿಕೊಂಡು ಜಲ್ಲಿಕಲ್ಲಿನ ಮೇಲೆ ತಡೆದುಕೊಂಡಿದ್ದೆವು. ಅಲಬಾಮಾದ ಜೂನ್. ಕಲ್ಲು ಕಾದು ಅಂಗೈ ಸುಡುತ್ತಿತ್ತು. ಮೂಗಿನ ತುದಿಯಿಂದ ಬಿದ್ದ ಬೆವರು ಕಲ್ಲಿನ ಮೇಲೆ ಆರುವುದನ್ನು ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಅಡುಗೆಮನೆಗೆ ಕಾಯಂ ಒಬ್ರು ಬೇಕು. ಒಬ್ರೇ. ತಾವಾಗೇ ಮುಂದೆ ಬರ್ಬೇಕು. ಬರೋವರ್ಗೂ ಹಿಂಗೇ ಇರಿ. ನಂಗೇನು ಅವಸರ ಇಲ್ಲ."

ನಮ್ಮ ಪಡೆಯಲ್ಲಿ ಯಾರಿಗೂ ಬೇಡದ ಕೆಲಸಕ್ಕೆ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರನ್ನೂ ನೆಲಕ್ಕೆ ಹಾಕಿ, ಯಾರಾದರೂ ಒಬ್ಬರು ಏಳುವ ತನಕ ಕಾಯುತ್ತಾರೆ. ಎದ್ದವರು ಸ್ವಂತ ಇಚ್ಛೆಯಿಂದ ಎದ್ದವರು. ಸೇರಿದ ಹೊಸತರಲ್ಲೇ ಇದು ಎಲ್ಲರಿಗೂ ಅರ್ಥವಾಗಿಬಿಡುತ್ತದೆ. ಆಮೇಲೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ತಿಂಗಳಿಗೊಂದು ಶನಿವಾರ, ಭಾನುವಾರ ನಾವು ರಾಜ್ಯದ ಮೀಸಲು ಪಡೆಯ ಲಾರಿ ಚಾಲಕರು. ಉಳಿದ ದಿನ ಊರಾಚೆಯ ಕೋಳಿ ಕಾರ್ಖಾನೆಯ ಕೂಲಿಗಳು. ನನ್ನ ಬಲಕ್ಕೆ ಲವೋನ್ ಟಾಲಿವರ್ ಇದ್ದಳು, ಅವಳ ಆಚೆ ಹಾಬ್ಸ್. ಕಾರ್ಖಾನೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ ಎತ್ತಿ ಎತ್ತಿ ಹಾಬ್ಸ್‌ನ ಬೆನ್ನುಮೂಳೆ ಜರುಗಿತ್ತು. ಅದನ್ನು ಅವನು ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಪಡೆಯಿಂದ ಮನೆಗೆ ಕಳಿಸುತ್ತಾರೆ, ಪಿಂಚಣಿ ಕೈಗೆ ಸಿಗುವ ಮೊದಲೇ.

ಅವನ ತೋಳು ಗಡಗಡ ನಡುಗುತ್ತಿತ್ತು. ಗಂಟಲಿನಿಂದ ಏನೋ ಕುಯ್‌ಗುಟ್ಟುವ ಸದ್ದು.

"ಹಾಬ್ಸ್ ಮಾಮಾ, ಉಸಿರು ಬಿಡು," ಲವೋನ್ ಪಿಸುಗುಟ್ಟಿದಳು.

"ನನ್ ಉಸಾಬರಿ ಬ್ಯಾಡ ಕಣವ್ವ. ಸುಮ್ಕಿರು."

"ಸತ್ತೋಗ್ತೀಯ."

"ಸತ್ರೆ ಸಾಯ್ತೀನಿ. ನೀ ಏಳ್ಬ್ಯಾಡ."

ಅವಳು ಎದ್ದಳು. ಅಂಗೈಗೆ ಅಂಟಿದ್ದ ಕಲ್ಲನ್ನು ಪ್ಯಾಂಟಿಗೆ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ಸಾಕು ಸಾರ್ಜೆಂಟ್. ನಾನ್ ಬರ್ತೀನಿ."

"ಏನಂದೆ? ಕೇಳಿಸ್ಲಿಲ್ಲ."

"ನಾನೇ ಬರ್ತೀನಿ ಅಂದೆ. ನನ್ನಿಷ್ಟದಿಂದ."

"ಎಲ್ರಿಗೂ ಕೇಳಿಸ್ತಾ?"

"ಕೇಳಿಸ್ತು ಸಾರ್ಜೆಂಟ್!" ನಾವೆಲ್ಲ ಒಂದೇ ಗಂಟಲಲ್ಲಿ ಕೂಗಿದೆವು. ಕೂಗದಿದ್ದರೆ ಮತ್ತೆ ನೆಲವೇ.

ಸಾಲು ಚದುರಿದ ಮೇಲೆ ಲವೋನ್ ಸಾರ್ಜೆಂಟ್‌ನ ಹಿಂದೆ ಹೋದಳು. "ನನ್ ಕಾಲೇಜು ಸಾಲ ಸೈನ್ಯ ಕಟ್ತಾ ಇದೆಯಲ್ಲ, ಅದಕ್ಕೇನೂ ತೊಂದ್ರೆ ಇಲ್ಲ ತಾನೆ?"

"ಯಾಕೆ ತೊಂದ್ರೆ? ಸ್ಟೀರಿಂಗ್ ತಿರುಗ್ಸಿದ್ರೂ ಸೈನ್ಯವೇ, ಸೌಟು ತಿರುಗ್ಸಿದ್ರೂ ಸೈನ್ಯವೇ. ಹೋಗು, ಮೊಟ್ಟೆ ಒಡೀ ಹೋಗು."

ಲವೋನ್ ಪಡೆ ಸೇರಿದ್ದೇ ಆ ಸಾಲಕ್ಕಾಗಿ. ನರ್ಸಿಂಗ್ ಓದುತ್ತಿದ್ದಳು. ಇನ್ನೊಂದು ವರ್ಷ ಇದೆ ಎನ್ನುವಾಗ ತಾಯಿಯ ಮೂತ್ರಪಿಂಡ ಕೈಕೊಟ್ಟು, ಓದು ಬಿಟ್ಟು ಕೋಳಿ ಕಾರ್ಖಾನೆಗೆ ಬಂದಳು. ಓದು ನಿಂತಿತು, ಸಾಲ ನಿಲ್ಲಲಿಲ್ಲ. ಹಳೆಯದು ತೀರದೆ ಸರ್ಕಾರ ಹೊಸ ಸಾಲ ಕೊಡುವುದಿಲ್ಲ. ಅದಿಲ್ಲದೆ ಕೊನೆಯ ವರ್ಷ ಮುಗಿಯುವುದಿಲ್ಲ. ಆರು ವರ್ಷ ಲಾರಿ ಓಡಿಸಿದರೆ ಆರು ಕಂತಿನಲ್ಲಿ ಸಾಲ ತೀರಿಸುವ ಹೊಣೆ ನಮ್ಮದು ಎಂದು ಪಡೆಗೆ ಸೇರಿಸಿಕೊಳ್ಳುವವನು ಹೇಳಿದ್ದ. ಎರಡು ವರ್ಷ ಕಟ್ಟಿದ್ದರು ಕೂಡ.

ಮೂರನೆಯದು ಬರಲಿಲ್ಲ. ಅವಳು ಪ್ರತಿ ತಿಂಗಳ ಕವಾಯತಿನಲ್ಲೂ ಪಡೆಯ ಗುಮಾಸ್ತನನ್ನು ಕೇಳಿದಳು. ಬರುತ್ತೆ, ಮೇಲಿನವರು ಯಾವಾಗಲೂ ತಡ, ಎಂದು ಅವನು ಪ್ರತಿ ಸಲವೂ ಹೇಳಿದ. ಚಳಿಗಾಲ ಕಳೆಯಿತು. ಬೇಸಿಗೆ ಬಂತು. ಅವಳು ಅಡುಗೆಮನೆಯಲ್ಲಿ ಮೊಟ್ಟೆ ಒಡೆಯುತ್ತಲೇ ಇದ್ದಳು.

*

ಕಾರ್ಖಾನೆಯಲ್ಲಿ ನನ್ನದೂ ಅವಳದೂ ಒಂದೇ ಸಾಲು. ಪುಕ್ಕ ಕಿತ್ತ ಕೋಳಿಗಳು ಓಡುವ ಪಟ್ಟಿಯ ಮೇಲೆ ಬರುತ್ತವೆ, ನಾವು ಕಾಲು ಹಿಡಿದು ಕೊಕ್ಕೆಗೆ ಸಿಕ್ಕಿಸಬೇಕು. ಯಂತ್ರದ ಗದ್ದಲಕ್ಕೆ ಕಿವಿಯಲ್ಲಿ ಸ್ಪಂಜು. ಏನು ಹೇಳಬೇಕಾದರೂ ಅರಚಬೇಕು.

ಆ ಬುಧವಾರ ರೆನ್‌ಫ್ರೋ ಸಾಹೇಬ ಗಾಜಿನ ಕೋಣೆಯಿಂದ ಕೆಳಗಿಳಿದು ಬಂದ. ವಾರದ ದಿನ ಅವನು ಕಾರ್ಖಾನೆಯ ಉಪ ವ್ಯವಸ್ಥಾಪಕ. ಕವಾಯತಿನ ದಿನ ನಮ್ಮ ಕ್ಯಾಪ್ಟನ್. ಅವನ ಅಜ್ಜನ ಹತ್ತಿ ಹೊಲದಲ್ಲಿ ನಮ್ಮ ಅಜ್ಜಂದಿರು ಗೇಣಿ ಮಾಡಿದವರು.

"ಟಾಲಿವರ್! ನಿನ್ ಸಂಬಳದಲ್ಲಿ ಸಾಲದ ದುಡ್ಡು ಹಿಡೀಬೇಕು ಅಂತ ಸರ್ಕಾರದಿಂದ ಬಂದಿದೆ."

"ಯಾಕ್ ಸರ್?"

"ಸಾಲ ತಗೊಂಡು ತಿಂದು ಕಟ್ಟದೆ ಕೂತ್ರೆ ಇನ್ನೇನಾಗುತ್ತೆ?" ಅವನು ಇಡೀ ಸಾಲಿಗೆ ಕೇಳುವಂತೆ ಅರಚಿದ. "ಈ ವಾರದಿಂದ್ಲೇ ಹಿಡೀತೀವಿ. ನಮ್ಮನ್ನ ಬೈಬೇಡ, ಕಾನೂನು."

"ಅದನ್ನ ಸೈನ್ಯ ಕಟ್ಬೇಕಲ್ಲ ಸರ್. ನಿಮ್ಗೇ ಗೊತ್ತಲ್ಲ."

"ಇಲ್ಲಿ ನಾನು ಕೋಳಿ ವಿಚಾರ ಅಷ್ಟೇ ಮಾತಾಡೋದು. ಕೊಕ್ಕೆ ಖಾಲಿ ಹೋಗ್ತಾ ಇದೆ, ನೋಡು."

ಅವಳು ಮುಂದಿನ ಕೋಳಿಯನ್ನು ಸಿಕ್ಕಿಸಿದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾವು ಮೂವರು ಹಾಬ್ಸ್‌ನ ಹಳೆಯ ಪಿಕಪ್ಪಿನ ಹಿಂದೆ ನಿಂತೆವು. ಲವೋನ್ ಸೈನ್ಯದ ಕಚೇರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಬಿಡುವಿನ ಮುಕ್ಕಾಲು ಪಾಲು ಸಂಗೀತ ಕೇಳಿದ ಮೇಲೆ ಒಂದು ಹೆಣ್ಣು ದನಿ ಬಂತು. ಒಳ್ಳೆ ಸಕ್ಕರೆಯಂಥ ದನಿ.

"ನೀವು ಲಾರಿ ಚಾಲಕಿ ಹುದ್ದೆಯಿಂದ ಅಡುಗೆಯವರ ಹುದ್ದೆಗೆ ಬದಲಾಗಿದೀರಿ ಮೇಡಂ. ಅಡುಗೆ ಹುದ್ದೆಗೆ ಸಾಲದ ಸೌಲಭ್ಯ ಇರೋದಿಲ್ಲ."

"ನಾನಾಗಿ ಬದಲಾಗ್ಲಿಲ್ಲ ಕಣ್ರೀ. ಬದಲಾಯಿಸಿದ್ರು."

"ಸೈನ್ಯವೇ ಬದಲಾಯಿಸಿದ್ರೆ ಸೌಲಭ್ಯ ಮುಂದುವರೀತಿತ್ತು. ನಿಮ್ಮದು ಸ್ವಂತ ಇಚ್ಛೆಯಿಂದ ಅಂತ ಇದೆ."

"ನಮ್ ಕಡೆ ಸ್ವಂತ ಇಚ್ಛೆ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ?"

"ನಿಮ್ಮ ಘಟಕದ ಕ್ಯಾಪ್ಟನ್ ಜೊತೆ ಮಾತಾಡಿ ಮೇಡಂ. ಅವರು ತಿದ್ದಿ ಕಳಿಸಿದ್ರೆ ನೋಡಬಹುದು. ದೇಶಕ್ಕೆ ನೀವು ಸಲ್ಲಿಸ್ತಿರೋ ಸೇವೆಗೆ ಧನ್ಯವಾದಗಳು."

ಫೋನ್ ಕಟ್ಟಾಯಿತು.

"ಥೂ ಬೋಳಿಮಗಂದು," ಎಂದ ಹಾಬ್ಸ್. ಯಾರನ್ನು ಬೈದನೋ ಗೊತ್ತಾಗಲಿಲ್ಲ. ಆಮೇಲೆ ಟೋಪಿ ತೆಗೆದು ಹೇಳಿದ, "ನನ್ನಿಂದಾಯ್ತು ಮಗಾ. ನಾನ್ ಬಂದು ಹೇಳ್ತೀನಿ. ಆ ಕ್ಯಾಪ್ಟನ್ ಮುಖಕ್ಕೇ ಹೇಳ್ತೀನಿ."

"ಹೇಳು ಮಾಮಾ. ಪಿಕೆಟ್, ನೀನೂ ಬಾರೋ," ಎಂದು ಲವೋನ್ ನನ್ನನ್ನು ಕರೆದಳು. "ಮೂರು ಜನ ಹೋದ್ರೆ ಕುರ್ಚಿ ಕೊಡ್ತಾನೋ ಇಲ್ವೋ, ಕಿವೀನಾದ್ರೂ ಕೊಡ್ತಾನೆ."

*

ಕುರ್ಚಿ ಕೊಡಲಿಲ್ಲ. ಶನಿವಾರ ಬೆಳಿಗ್ಗೆ ಪಡೆಯ ಕಟ್ಟಡದಲ್ಲಿ ರೆನ್‌ಫ್ರೋ ಸಮವಸ್ತ್ರ ಹಾಕಿಕೊಂಡು ಕೂತಿದ್ದ. ಕ್ರೆನ್‌ಶಾ ಬಾಗಿಲಿಗೆ ಒರಗಿದ್ದ. ನಾವು ಸೆಲ್ಯೂಟ್ ಹೊಡೆದು ನಿಂತೆವು.

"ಸಾರ್ಜೆಂಟ್, ನೀವು ಇವಳನ್ನ ಬಲವಂತ ಮಾಡಿದ್ರಾ?"

"ಇಲ್ಲ ಸರ್. ಯಾರಾದ್ರೂ ಬರ್ತೀರಾ ಅಂದೆ. ಬಂದ್ಲು. ಇಡೀ ಪಡೆ ಕೇಳಿಸ್ತು ಅಂತ ಕೂಗ್ತು."

"ಜಲ್ಲಿ ಮೇಲೆ ಹಾಕಿದ್ರು ಸರ್," ನಾನೆಂದೆ. "ಯಾರಾದ್ರೂ ಏಳೋವರ್ಗೂ ಬಿಡಲ್ಲ ಅಂದ್ರು."

"ಅದು ವ್ಯಾಯಾಮ ಪಿಕೆಟ್. ಸೈನ್ಯದಲ್ಲಿ ವ್ಯಾಯಾಮ ಇರುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?" ರೆನ್‌ಫ್ರೋ ನನ್ನ ಕಡೆ ನೋಡಲೂ ಇಲ್ಲ. "ಹಾಬ್ಸ್, ನೀನ್ಯಾಕೆ ಬಂದೆ?"

ಹಾಬ್ಸ್ ಎದೆ ಸೆಟೆಸಿದ. "ಸರ್, ಆವತ್ತು ನಾನು ಬೀಳೋದ್ರಲ್ಲಿದ್ದೆ. ನನ್ನ ನೋಡಿ ಈ ಮಗು ಎದ್ಲು. ಅವಳಿಷ್ಟದಿಂದ ಅಲ್ಲ."

"ಬೀಳೋದ್ರಲ್ಲಿದ್ಯಾ? ಯಾಕೆ?"

ಹಾಬ್ಸ್‌ನ ಕೈ ತಾನಾಗೇ ಸೊಂಟದ ಹಿಂದಕ್ಕೆ ಹೋಗಿ ಮತ್ತೆ ಇಳಿಯಿತು.

"ಬೆನ್ನು ನೋವಾ? ಇದ್ರೆ ಹೇಳು, ಈಗ್ಲೇ ವೈದ್ಯರ ಹತ್ರ ಕಳಿಸ್ತೀನಿ. ಯೋಗ್ಯ ಅಲ್ಲ ಅಂದ್ರೆ ಗೌರವದಿಂದ ಬೀಳ್ಕೊಡೋಣ. ನಿನ್ ಪಿಂಚಣಿಗೆ ಇನ್ನೆಷ್ಟಿದೆ, ಸ್ವಲ್ಪವೇ ಅಲ್ವಾ?" ರೆನ್‌ಫ್ರೋನ ದನಿ ಮೆತ್ತಗಿತ್ತು, ಕಾಯಿಲೆಯವರನ್ನು ವಿಚಾರಿಸುವ ಹಾಗೆ. "ಏನ್ ಬರೀಲಿ? ಬೆನ್ನು ಸರಿಯಿಲ್ಲ, ಅದಕ್ಕೇ ಬೀಳೋದ್ರಲ್ಲಿದ್ದೆ, ಅಂತಾನಾ?"

ಗೋಡೆಯ ಮೇಲಿನ ಫ್ಯಾನು ಆ ಕಡೆ ತಿರುಗಿ ಈ ಕಡೆ ಬಂತು. ಹಾಬ್ಸ್ ಲವೋನ್‌ಳನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ.

"ಹೇಳು ಮಾಮಾ, ಬೆನ್ನು ಚೆನ್ನಾಗೇ ಇದೆ ಅಂತ," ಎಂದಳು.

"ಚೆನ್ನಾಗಿದೆ ಸರ್," ಎಂದ ಹಾಬ್ಸ್.

"ಸರಿ. ಹಂಗಾದ್ರೆ ಮುಗೀತು."

"ನನ್ನ ವಾಪಸ್ ಲಾರಿಗೆ ಹಾಕಿ ಸರ್," ಲವೋನ್ ಅಂದಳು.

"ಜಾಗ ಇಲ್ಲ. ನಿನ್ ಜಾಗಕ್ಕೆ ಬೇರೆ ಹುಡುಗ ಬಂದಾಯ್ತು."

"ಹಂಗಾದ್ರೆ ಬಿಟ್ಟು ಹೋಗ್ತೀನಿ. ಸಾಲಾನೂ ಬೇಡ, ಸೌಟೂ ಬೇಡ."

ಕ್ರೆನ್‌ಶಾ ನಕ್ಕ. "ಆರು ವರ್ಷ ಮುಗಿಯೋ ಮುಂಚೆ ಬಿಟ್ರೆ, ಕಟ್ಟಿರೋ ಎರಡು ಕಂತನ್ನೂ ನಿನ್ ಹತ್ರಾನೇ ಕಕ್ಕಿಸ್ತಾರೆ ಕಣೇ. ಸೇರುವಾಗ ಓದ್ಲಿಲ್ವಾ? ಕಾಲೇಜಿಗೆ ಹೋದೋಳು."

ಅವಳು ಸೆಲ್ಯೂಟ್ ಹೊಡೆದು ಹಿಂದೆ ತಿರುಗಿದಳು. ಹೊರಗೆ ಮೆಟ್ಟಿಲ ಮೇಲೆ ಹಾಬ್ಸ್ ಕೂತುಬಿಟ್ಟ. "ನಂಗೆ ಉಗೀ ಮಗಾ. ಮುಖಕ್ಕೇ ಉಗೀ."

"ಉಗುಳಿದ್ರೆ ನಿನ್ ಪಿಂಚಣಿ ಒದ್ದೆ ಆಗುತ್ತೆ. ಏಳು ಮಾಮಾ. ಬೆನ್ನು ಹಿಡ್ಕೊಂಡು ಕೂತಿದ್ದನ್ನ ಯಾರಾದ್ರೂ ನೋಡಿಯಾರು." ಅವಳು ಅವನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಕಾಲೇಜಿನಲ್ಲಿ ಕಲಿಸಿದ್ದ ಹಾಗೆ, ಬೆನ್ನಿಗೆ ನೋವಾಗದಂತೆ.

ಸಂಬಳ ಹಿಡಿಯುವುದು ನಿಲ್ಲಲಿಲ್ಲ. ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದ ಕಾರನ್ನು ಅಕ್ಟೋಬರಿನಲ್ಲಿ, ಕಂತು ಕಟ್ಟಲಿಲ್ಲವೆಂದು, ಬ್ಯಾಂಕಿನವರು ಎಳೆದುಕೊಂಡು ಹೋದರು. ಆಮೇಲೆ ಹಾಬ್ಸ್ ತನ್ನ ಪಿಕಪ್ಪಿನಲ್ಲಿ ಕರೆದೊಯ್ಯುತ್ತಿದ್ದ. ಲವೋನ್ ಮನೆಯಲ್ಲಿದ್ದ ನರ್ಸಿಂಗ್ ಪುಸ್ತಕಗಳನ್ನು ನಮ್ಮ ಸಾಲಿನ ಒಂದು ಹುಡುಗಿಗೆ ಪುಕ್ಕಟೆ ಕೊಟ್ಟುಬಿಟ್ಟಳು.

*

ನವೆಂಬರಿನ ಕವಾಯತಿನಲ್ಲಿ ಹಬ್ಬದೂಟ. ಆ ಒಂದು ದಿನ ಅಧಿಕಾರಿಗಳು ಏಪ್ರನ್ ಕಟ್ಟಿಕೊಂಡು ಸಿಪಾಯಿಗಳಿಗೆ ತಾವೇ ಬಡಿಸುವುದು ಸೈನ್ಯದ ಪದ್ಧತಿ. ಅಡುಗೆಯವರು ಮಾತ್ರ ಹಿಂದಿನ ದಿನದಿಂದ ಬೆಂಕಿಯ ಮುಂದೆ. ಈ ಸಲ ರಾಜಧಾನಿಯಿಂದ ಕರ್ನಲ್ ಬಂದಿದ್ದ, ಜೊತೆಗೆ ಫೋಟೋ ತೆಗೆಯುವವನು. ಕರ್ನಲ್ ಕೈಯಲ್ಲಿ ಸಿಹಿಗೆಣಸಿನ ಸೌಟು, ರೆನ್‌ಫ್ರೋನ ಮುಂದೆ ಟರ್ಕಿ ಕೋಳಿ, ಕ್ರೆನ್‌ಶಾನ ಮುಂದೆ ಹಬೆಯಾಡುವ ಮಾಂಸದ ಸಾರು.

ನಾವೆಲ್ಲ ತಟ್ಟೆ ತುಂಬಿಸಿಕೊಂಡು ಕೂತೆವು. ಹಸಿವಾಗಿತ್ತು, ರುಚಿಯಾಗಿತ್ತು. ಕೊನೆಯಲ್ಲಿ ಲವೋನ್ ಒಂದು ತಟ್ಟೆ ಹಿಡಿದು ಬಂದಳು.

"ಬಾ ಬಾ ಟಾಲಿವರ್," ರೆನ್‌ಫ್ರೋ ಕ್ಯಾಮೆರಾಕ್ಕೆ ಮುಖ ಕೊಟ್ಟು ಹೇಳಿದ. "ಇವತ್ತು ನಾವು ನಿನ್ನ ಆಳುಗಳು." ಒಂದು ದೊಡ್ಡ ತುಂಡು ಹಾಕಿದ.

ಅವಳು ಮುಂದೆ ಸರಿಯಲಿಲ್ಲ. "ಹಾಕಿ ಸರ್."

ಇನ್ನೊಂದು ಹಾಕಿದ.

"ಹಾಕಿ."

"ಹೊಟ್ಟೆಬಾಕಿ!" ಎಂದು ಅವನು ನಕ್ಕ. ಎಲ್ಲರೂ ನಕ್ಕರು. ಕರ್ನಲ್ ಜೋರಾಗಿ ನಕ್ಕ. "ಹಾಕಯ್ಯ ಕ್ಯಾಪ್ಟನ್, ಮಾಡಿದೋಳೇ ಅವಳು."

ತಟ್ಟೆಯ ಮೇಲೆ ಮಾಂಸ ಗುಡ್ಡೆಯಾಯಿತು. ಒಂದು ತುಂಡು ಜಾರಿ ಮೇಜಿನ ಮೇಲೆ ಬಿತ್ತು.

"ಹಾಕಿ ಸರ್. ಇನ್ನೂ ಬಾಕಿ ಇದೆ."

"ಏನಮ್ಮಾ ಬಾಕಿ?" ಕರ್ನಲ್ ಇನ್ನೂ ನಗುತ್ತಲೇ ಇದ್ದ.

"ನಾಲ್ಕು ವರ್ಷದ ಕಂತು ಸರ್."

ರೆನ್‌ಫ್ರೋನ ಕೈ ನಿಂತಿತು. ಫೋಟೋದವನು ಕ್ಯಾಮೆರಾ ಇಳಿಸಿ ಯಾರನ್ನು ನೋಡಬೇಕೆಂದು ತಿಳಿಯದೆ ನಿಂತ.

"ಟಾಲಿವರ್, ಮುಂದೆ ನಡಿ," ಕ್ರೆನ್‌ಶಾ ಹಲ್ಲು ಕಚ್ಚಿ ಹೇಳಿದ. ಅವಳು ತಟ್ಟೆಯನ್ನು ಅವನ ಕಡೆಗೆ ಚಾಚಿದಳು. ಅವನು ಸೌಟು ತುಂಬ ಸಾರು ಎತ್ತಿ ಆ ಗುಡ್ಡೆಯ ಮೇಲೆ ಸುರಿದ. ಅದು ಅಂಚಿನಿಂದ ಉಕ್ಕಿ ಅವಳ ಹೆಬ್ಬೆರಳ ಮೇಲೆ, ಮಣಿಕಟ್ಟಿನ ಮೇಲೆ ಹರಿಯಿತು. ಒಲೆಯ ಮೇಲಿಂದ ಆಗಷ್ಟೇ ಇಳಿಸಿದ್ದ ಸಾರು. ಚರ್ಮ ಕೆಂಪಾಗಿ ಉಬ್ಬುವುದು ನಾವು ಕೂತಲ್ಲಿಗೆ ಕಾಣುತ್ತಿತ್ತು.

ತಟ್ಟೆ ಅಲುಗಲಿಲ್ಲ.

"ಇನ್ನೂ," ಎಂದಳು.