ಕಮಾನು ಬಿದ್ದ ಭಾನುವಾರ

ಬಿದಿರಿನ ಕಮಾನು ಕುಸಿದಾಗ ಯಾರಿಗೂ ಪೆಟ್ಟಾಗಲಿಲ್ಲ. ಬಡಗಿ ಮಾತ್ರ ಅದು ತನ್ನ ಎದೆಯ ಮೇಲೇ ಬಿದ್ದಂತೆ ನಿಂತುಬಿಟ್ಟ.

ಮುಂದಿನ ವಾರದ ಕ್ಯಾಂಪಿಗೆ ಹೆಬ್ಬಾಗಿಲಾಗಬೇಕಿದ್ದ ಕಮಾನು ಅದು. ಮೊಳೆಯಿಲ್ಲ, ತಂತಿಯಿಲ್ಲ, ಎಂಟು ಉದ್ದನೆಯ ಬಿದಿರಿನ ಗಳು, ಒಂದಿಷ್ಟು ಹಗ್ಗ, ಅಷ್ಟೇ. ಸ್ಕೌಟ್ ಮಕ್ಕಳು ಶನಿವಾರ ಶಾಲೆಯ ಹಿಂದಿನ ಬಯಲಿನಲ್ಲಿ ತಾವೇ ಕಟ್ಟಿ ನಿಲ್ಲಿಸಿ ಹೋಗಿದ್ದರು. ಕಟ್ಟಿಸಿದವಳು ತಂಡದ ಹೊಸ ನಾಯಕಿ, ಹದಿನೈದರ ಹುಡುಗಿ. ಆಳು ಗಿಡ್ಡ, ಬಿಸಿ ತಾಗಿದರೆ ಚಟ್ಟನೆ ಸಿಡಿಯುವ ಸ್ವಭಾವ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಸಾಸಿವೆ. ಭಾನುವಾರ ಬೆಳಿಗ್ಗೆ, ಗಟ್ಟಿ ಇದೆಯೋ ನೋಡೋಣವೆಂದು ಅವಳು ಅಡ್ಡಗಳುವಿಗೆ ಹಗ್ಗ ಹಾಕಿ ಜಗ್ಗಿದಳು. ಎಡಗಡೆಯ ಕಟ್ಟು ಬಿಚ್ಚಿಕೊಂಡಿತು. ಉಳಿದದ್ದೆಲ್ಲ ಕಾಲು ಮುರಿದ ಒಂಟೆಯ ಹಾಗೆ ಮಂಡಿಯೂರಿತು.

ಸಾಸಿವೆ ಸಿಡಿಯಲಿಲ್ಲ. ಬಡಗಿಗೆ ಹೆದರಿಕೆಯಾದದ್ದೇ ಅದಕ್ಕೆ. ಅವಳು ಕೊರಳಿನ ಸೀಟಿ ತೆಗೆದು ಟೈಲರಮ್ಮನ ಕೈಗಿಟ್ಟಳು.

"ನನ್ನ ಕೈಲಾಗಲ್ಲ ಟೈಲರಮ್ಮ. ಬೇರೆ ಯಾರನ್ನಾದ್ರೂ ನಾಯಕಿ ಮಾಡಿ."

ಟೈಲರಮ್ಮ ಆ ಗುಂಪಿಗೆ ಹಿರಿಯಳು. ವಾರವಿಡೀ ಹೊಲಿಗೆ ಯಂತ್ರ, ಭಾನುವಾರ ಈ ಮಕ್ಕಳು. ಅವಳ ಜೊತೆಗೆ ಸಂಬಳವಿಲ್ಲದೆ ದುಡಿಯುವವರು ಇಬ್ಬರು: ಬಡಗಿ ಮತ್ತು ಆಸ್ಪತ್ರೆಯ ನರ್ಸು. ಟೈಲರಮ್ಮ ಹುಡುಗಿಗೆ ಸಮಾಧಾನ ಹೇಳಲಿಲ್ಲ, ಸೀಟಿಯನ್ನು ವಾಪಸ್ಸೂ ಕೊಡಲಿಲ್ಲ. ಬಡಗಿಯ ಮುಖ ನೋಡಿದಳು, ನರ್ಸಿನ ಮುಖ ನೋಡಿದಳು.

"ಮಕ್ಕಳೇ, ಬುತ್ತಿ ಬಿಚ್ಚಿ. ನೀವಿಬ್ರೂ ಹಗ್ಗದ ಕೋಣೆಗೆ ಬನ್ನಿ."

ಹಗ್ಗದ ಕೋಣೆಯೆಂದರೆ ಮುರಿದ ಬೆಂಚುಗಳ ನಡುವೆ ಮೂವರು ಕಷ್ಟಪಟ್ಟು ನಿಲ್ಲುವಷ್ಟು ಜಾಗ. ಬಾಗಿಲು ಮುಚ್ಚಿದ್ದೇ ತಡ, ನರ್ಸು ಶುರುಮಾಡಿದಳು.

"ಇವರೇ. ಮಕ್ಕಳು ಕಟ್ಟಿದ್ದನ್ನ ನಿನ್ನೆ ಸಂಜೆ ಇವರು ಬಿಚ್ಚಿ ಕಟ್ಟಿದ್ರು. ನಾನು ಕಣ್ಣಾರೆ ನೋಡಿದೆ."

"ನೋಡಿ ಸುಮ್ನಿದ್ರಾ ಸಿಸ್ಟರ್? ಬೆಳಿಗ್ಗೆ ಏಳಕ್ಕೇ ಬಂದು ನನ್ನದನ್ನ ಬಿಚ್ಚಿದ್ದು ಯಾರು? ಗಳುವಿಗೇನು ಮೂಳೆ ಮುರಿದಿತ್ತಾ, ಹಾಗೆ ಬ್ಯಾಂಡೇಜ್ ಸುತ್ತಿದ್ರಲ್ಲ!"

"ಸುತ್ತಿದ್ದು ನಿಂತಿತ್ತು. ನೀವು ಒಂಬತ್ತಕ್ಕೆ ಬಂದು ಮತ್ತೆ ಕೈ ಹಾಕಿದ್ರಿ!"

ಬಡಗಿ ತನ್ನ ಕೈ ನೋಡಿಕೊಂಡ. ಕೈ ಹಾಕಿದ್ದು ನಿಜ. ಎಡಗಡೆಯ ಕಟ್ಟನ್ನು ಬಿಚ್ಚಿ, ಮೂರು ಸುತ್ತು ಹಾಕಿ, ಬಿಗಿಯಬೇಕೆನ್ನುವಷ್ಟರಲ್ಲಿ ಎಲ್ಲರೂ ಸೇರಲು ಸಾಸಿವೆ ಸೀಟಿ ಊದಿದ್ದಳು. ಆಮೇಲೆ ಬಿಗಿದರಾಯಿತೆಂದು ಹೋದವನು ಮರೆತೇಬಿಟ್ಟಿದ್ದ. ಮೂವತ್ತು ವರ್ಷ ಕಿಟಕಿ ಬಾಗಿಲು ಕೂರಿಸಿದ ಕೈ ಅದು.

ಟೈಲರಮ್ಮ ಇಬ್ಬರನ್ನೂ ಬಯ್ಯಲಿಲ್ಲ. ಮೂಲೆಯಲ್ಲಿ ಸಿಕ್ಕುಗಟ್ಟಿ ಬಿದ್ದಿದ್ದ ಹಗ್ಗದ ಮುದ್ದೆಯನ್ನೆತ್ತಿ ಒಂದು ತುದಿ ಬಡಗಿಗೆ, ಇನ್ನೊಂದು ತುದಿ ನರ್ಸಿಗೆ ಕೊಟ್ಟಳು.

"ಬಿಡಿಸ್ತಾ ಮಾತಾಡಿ. ಕೈಗೆ ಕೆಲಸ ಇದ್ರೆ ನಾಲಿಗೆ ಸ್ವಲ್ಪ ತಣ್ಣಗಿರುತ್ತೆ."

ಒಬ್ಬರು ಎಳೆದರೆ ಇನ್ನೊಬ್ಬರದು ಬಿಗಿಯುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ "ಸಡಿಲ ಬಿಡಿ", "ತಾಳಿ, ಇದು ಕೆಳಗಿಂದ ಬಂದಿದೆ" ಎನ್ನುವ ಮಾತುಗಳಷ್ಟೇ ಉಳಿದವು. ಆಗ ಟೈಲರಮ್ಮ ಕೇಳಿದಳು.

"ಆ ಮಗು ಕಟ್ಟಿದ್ದ ಕಟ್ಟು ನಿಲ್ತಿತ್ತಾ?"

ಬಡಗಿ ನರ್ಸಿನ ಕಡೆ ನೋಡಿದ. ನರ್ಸು ಹಗ್ಗದ ಕಡೆ ನೋಡಿದಳು.

"ಗೊತ್ತಿಲ್ಲ," ಎಂದ ಬಡಗಿ. "ನೋಡೋದಕ್ಕೆ ಚೆನ್ನಾಗಿರಲಿಲ್ಲ, ಬಿಚ್ಚಿದೆ."

"ನನ್ನ ಅಂಗಡೀಲಿ ಒಬ್ಬಳು ಹೊಲಿಗೆ ಕಲೀತಿದ್ದಳು. ಎಡದ ತೋಳನ್ನ ಬಲಕ್ಕೆ ಕೂರಿಸಿದಳು. ಪಾಪ ಅಂತ ನಾನು ಸುಮ್ನೆ ಬಿಚ್ಚಿ ಸರಿ ಮಾಡಿದೆ. ಹೀಗೆ ಹತ್ತು ಅಂಗಿ. ಹನ್ನೊಂದನೇದೂ ಹಾಗೇ ಹೊಲಿದಳು. ತಪ್ಪು ಅಂತ ಅವಳಿಗೆ ಗೊತ್ತಾದ್ರೆ ತಾನೆ? ನಾನು ಕಲಿಸಲಿಲ್ಲ, ಅವಳು ಕಲಿಯೋದನ್ನ ಕದ್ದೆ." ಅವಳು ಸೀಟಿಯನ್ನು ಸೆರಗಿನಲ್ಲಿ ಒರೆಸಿದಳು. "ಅಲ್ಲೊಬ್ಬಳು ತನ್ನ ಕೈಲಾಗಲ್ಲ ಅಂತ ಕೂತಿದ್ದಾಳೆ. ಅವಳಿಗೆ ನಾನೇನೂ ಹೇಳಲ್ಲ. ಹೇಳೋರು ಹೇಳಲಿ."

ಎರಡು ಕೋಣ ಕಾದಾಡಿದರೆ ಸಾಯುವುದು ಗಿಡ ಎಂಬ ಮಾತನ್ನು ಬಡಗಿ ಎಷ್ಟೋ ಪಂಚಾಯಿತಿಯಲ್ಲಿ ತಾನೇ ಆಡಿದ್ದ. ಕೋಣ ತಾನೇ ಆಗಿದ್ದು ಇದೇ ಮೊದಲು.

ಹೊರಗೆ ಸಾಸಿವೆ ಬುತ್ತಿ ಬಿಚ್ಚಿರಲಿಲ್ಲ. ಬಿದ್ದ ಗಳುಗಳ ಪಕ್ಕ ಕೂತು ಹಗ್ಗ ಸುತ್ತುತ್ತಿದ್ದಳು. ಬಡಗಿ ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ಹೆಂಡತಿಯ ಹತ್ತಿರವೂ ತಪ್ಪಾಯಿತು ಎಂದು ಹೇಳಿದವನಲ್ಲ.

"ಮಗಳೇ, ಆ ಕಟ್ಟು ನಿನ್ನದಲ್ಲ. ನಾನು ಬಿಚ್ಚಿ ಕಟ್ಟಿದ್ದು. ಪೂರ್ತಿ ಬಿಗೀಲಿಲ್ಲ."

"ಬಲಗಡೇದನ್ನ ನಾನು," ಎಂಬ ದನಿ ಬೆನ್ನ ಹಿಂದಿನಿಂದ ಬಂತು. ಯಾವಾಗ ಬಂದಳೋ, ನರ್ಸು ಹಿಂದೆ ನಿಂತಿದ್ದಳು.

ಹುಡುಗಿ ಇಬ್ಬರನ್ನೂ ನೋಡಿದಳು. ಕಣ್ಣು ತುಂಬಿತು, ಕೆನ್ನೆ ಕೆಂಪಾಯಿತು, ಆಮೇಲೆ ಸಿಡಿದಳು.

"ನಿಮಗೆ ಬಿಚ್ಚೋಕೆ ಯಾರು ಹೇಳಿದ್ರು ಮಾವ? ಎರಡು ಗಂಟೆ ಕಟ್ಟಿದ್ವಿ ನಾವು! ಬೆಳಿಗ್ಗೆಯಿಂದ ನಾನು ನನ್ನನ್ನೇ ಬೈಕೊಂಡಿದ್ದೀನಿ!"

"ಬೈ, ಇನ್ನೂ ಬೈ," ಎಂದ ಬಡಗಿ. ಬೈಸಿಕೊಂಡು ಇಷ್ಟು ಹಗುರಾದದ್ದು ಅವನಿಗೆ ನೆನಪಿರಲಿಲ್ಲ.

"ಇಬ್ರೂ ಆ ಗೋಡೆ ಹತ್ರ ಹೋಗಿ. ಕೈ ಕಟ್ಕೊಂಡು ನಿಂತ್ಕೊಳ್ಳಿ. ಕರೆದ್ರೆ ಮಾತ್ರ ಬನ್ನಿ," ಎಂದಳು ಸಾಸಿವೆ.

ಹೋಗಿ ನಿಂತರು. ಮಕ್ಕಳು ಮತ್ತೆ ಗಳು ಎತ್ತಿದರು. ಮೊದಲ ಕಟ್ಟು ಜಾರಿತು. ಬಡಗಿಯ ಬೆರಳುಗಳು ಕಂಕುಳಲ್ಲಿ ಮಿಸುಕಿದವು.

"ಕೈ!" ಎಂದಳು ನರ್ಸು ಮೆಲ್ಲಗೆ.

"ನಿಮ್ಮದು ನೋಡ್ಕೊಳ್ಳಿ ಸಿಸ್ಟರ್, ಆಗಲೇ ಒಂದು ಹೊರಗೆ ಬಂದಿದೆ."

ಎರಡನೆಯ ಸಲವೂ ಜಾರಿತು. ಸಾಸಿವೆ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದಳು. ಗೋಡೆಯ ಕಡೆ ತಿರುಗಿದಳು.

"ಮಾವ, ಯಾಕೆ ಜಾರ್ತಿದೆ?"

ಬಡಗಿ ಹೋದ, ಕೈ ಕಟ್ಟಿಕೊಂಡೇ. "ಹೊಸ ಬಿದಿರು, ನುಣುಪು. ಹಗ್ಗ ಒಣಗಿದೆ. ಏನು ಮಾಡ್ಬಹುದು, ನೀನೇ ಹೇಳು."

"ಹಗ್ಗ ಒದ್ದೆ ಮಾಡಿದ್ರೆ?"

"ಮಾಡಿ ನೋಡು."

ಒದ್ದೆ ಹಗ್ಗ ಬಿದಿರನ್ನು ಕಚ್ಚಿಕೊಂಡಿತು. ಕಮಾನು ಎದ್ದು ನಿಂತಿತು. ಬಲಕ್ಕೆ ಒಂದು ಗೇಣು ವಾಲಿತ್ತು. ನಾಲ್ಕು ಜನ ಜಗ್ಗಿದರೂ ಅಲುಗಲಿಲ್ಲ. ಬಡಗಿಯ ಕಣ್ಣಿಗೆ ಆ ವಾಲು ಮುಳ್ಳಿನಂತೆ ಚುಚ್ಚಿತು. ಆದರೂ ಇಂಥ ಕಮಾನನ್ನು ತಾನು ಎಂದೂ ಕಟ್ಟಿಲ್ಲವೆನ್ನಿಸಿತು.

ಎಲ್ಲರನ್ನೂ ಕರೆದು ತೋರಿಸಬೇಕಿತ್ತು. ಸಾಸಿವೆ ಕಮಾನಿನಿಂದ ಕಣ್ಣು ತೆಗೆಯದೆ ಪಕ್ಕಕ್ಕೆ ಕೈ ಚಾಚಿದಳು. ಟೈಲರಮ್ಮ ಅಲ್ಲೇ ನಿಂತಿದ್ದಳು. ಆ ಅಂಗೈಯಲ್ಲಿ ಸೀಟಿಯಿಟ್ಟಳು.