ಟೈಲರಮ್ಮನ ಟ್ರಯಲ್

ನಲವತ್ತು ವರ್ಷದಲ್ಲಿ ಟ್ರಯಲ್ ನೋಡದೆ ಒಂದು ಅಂಗಿಯನ್ನೂ ಕೊಟ್ಟವಳಲ್ಲ ಟೈಲರಮ್ಮ. ಇನ್ನು ತನ್ನ ಸಾವಿನ ಕಾಗದವನ್ನು ಹಾಗೇ ಬಿಟ್ಟಾಳೆಯೇ? ವಕೀಲರು ಎಲ್ಲ ನೀಟಾಗಿ ಬರೆದುಕೊಟ್ಟಿದ್ದರು. ಮುಂದೆ ಯಾವತ್ತಾದರೂ ವಾಸಿಯಾಗೋದಿಲ್ಲ ಅಂತ ಡಾಕ್ಟರು ಹೇಳಿದರೆ ಉಸಿರಾಟದ ಮೆಷಿನ್ ಬೇಡ, ಮೂಗಿಗೆ ನಳಿಕೆ ಬೇಡ. ಖಾಲಿ ಇದ್ದದ್ದು ಒಂದೇ ಜಾಗ: ತನ್ನ ಬಾಯಿ ನಿಂತಾಗ ತನ್ನ ಪರವಾಗಿ "ಸಾಕು" ಅನ್ನುವವರ ಹೆಸರು. ಹಾಗನ್ನುವವರೇ ಇಲ್ಲದೆ ಅವಳ ಅಕ್ಕ ಮೂರು ತಿಂಗಳು ಮೆಷಿನ್ನಿಗೆ ಜೋತುಬಿದ್ದಿದ್ದಳು. ಆ ಪಾಡು ತನಗೆ ಬೇಡವೇ ಬೇಡ.

ಸರಿ, ಭಾನುವಾರ ಮನೆಯವರನ್ನೆಲ್ಲ ಅಂಗಡಿಗೆ ಕರೆಸಿದಳು. ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಟೇಪು, ಸೀಮೆಸುಣ್ಣ ಅತ್ತ ಸರಿಸಿ, ಉದ್ದಕ್ಕೆ ಮಲಗಿ ಕಣ್ಣು ಮುಚ್ಚಿದಳು.

"ನಂಗೆ ಜ್ಞಾನ ಇಲ್ಲ. ಡಾಕ್ಟರು ಕೈಚೆಲ್ಲಿದಾರೆ. ಮೆಷಿನ್ ಹಾಕೋದಾ ಅಂತ ಕೇಳ್ತಿದಾರೆ. ಏನಂತೀರಿ?"

"ಇನ್ನೊಬ್ಬ ಡಾಕ್ಟರ್‌ನ ಕೇಳೋಣ," ಅಂದ ಮಗ. ಕಾಫಿಯೋ ಟೀಯೋ ಅಂದರೂ ಹೆಂಡತಿ ಮುಖ ನೋಡುವ ಮಹಾರಾಯ.

"ಬಿಡ್ತು ಅನ್ನಮ್ಮ," ಅಂದಳು ಮಗಳು. ಅಮ್ಮನ ಮೇಲೆ ಅವಳಿಗೆ ಪ್ರಾಣ. ಎಷ್ಟೆಂದರೆ ಒಂದು ಫೋನ್ ಮಾಡಲೂ ಪುರುಸೊತ್ತು ಸಿಗುತ್ತಿರಲಿಲ್ಲ.

"ಹಾಕೋದು ಬೇಡ," ಅಂದಳು ಸೊಸೆ, ಮೊಬೈಲಿಂದ ತಲೆಯೆತ್ತದೆ.

ಟೈಲರಮ್ಮ ಎದ್ದು ಕೂತಳು. ಅಳತೆ ಸರಿಹೊಂದಿತ್ತು. ಉಪ್ಪಿನ ಡಬ್ಬ ಎಲ್ಲಿಡಬೇಕು ಅನ್ನೋದಕ್ಕೇ ಅತ್ತೆಯ ಜೊತೆ ವಾರಗಟ್ಟಲೆ ಮಾತು ಬಿಟ್ಟವಳು ಇವಳು. ಇಂಥ ಶತ್ರುವನ್ನು ಮನೆಯಲ್ಲೇ ಇಟ್ಟುಕೊಂಡು ಸುಮ್ಮನೆ ತಲೆ ಕೆಡಿಸಿಕೊಂಡಿದ್ದಾಯಿತು. ಒಂದು ಗಳಿಗೆ ಯೋಚಿಸಿ ಹೇಳಬಹುದಿತ್ತಲ್ಲ ಅಂತ ಒಳಗೆ ಚುರುಕ್ ಅಂದದ್ದೂ ನಿಜ. ಆದರೂ ಸೊಸೆಯ ಹೆಸರು ಬರೆದು, ಸಹಿ ಹಾಕು ಅಂತ ಪೆನ್ನು ಚಾಚಿದಳು.

ಸೊಸೆ ಕಾಗದ ಓದಿದಳು. ಮತ್ತೆ ಓದಿದಳು. ಪೆನ್ನು ಕೆಳಗಿಟ್ಟಳು.

"ಏನೋ ಆಟ ಅಂದ್ಕೊಂಡೆ ಅತ್ತೆ. ನಿಜವಾಗ್ಲೂ ಅಂದ್ರೆ ನನ್ನ ಕೈಲಾಗಲ್ಲ." ಅವಳ ಕಣ್ಣು ತುಂಬಿತ್ತು.

ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಹದಿನೆಂಟು ವರ್ಷ ನೆಚ್ಚಿಕೊಂಡಿದ್ದ ಒಬ್ಬಳೇ ಶತ್ರುವೂ ಕೊನೆಗೆ ಕೈಕೊಟ್ಟಳಲ್ಲ. ಬೈಯಬೇಕು ಅಂತ ಬಾಯಿ ತೆರೆದವಳು ಆ ತುಂಬಿದ ಕಣ್ಣು ನೋಡಿದಳು. ಪೆನ್ನನ್ನು ಮತ್ತೆ ಅವಳ ಬೆರಳಿಗೆ ತುರುಕಿದಳು.

"ಅಳ್ತಾನೇ ಹಾಕು. ಲೀಲಾಜಾಲವಾಗಿ ಹಾಕೋರಿಗೆ ನನ್ನ ಪ್ರಾಣ ಒಪ್ಪಿಸೋಕೆ ನಂಗೇನು ತಲೆ ಕೆಟ್ಟಿದೆಯಾ?"

ಸೊಸೆ ಮೂಗೊರೆಸಿಕೊಂಡು ಸಹಿ ಹಾಕಿದಳು.

"ಡಾಕ್ಟರು ಬಂದು ನನ್ನ ಕೇಳೋ ದಿನ ಮಾತ್ರ ತರಬೇಡಿ ಅತ್ತೆ," ಅಂದಳು.